ಮಾತಿನಿಂದ ಮೌನಕ್ಕೆ: ನಟಿ ಪೆಗ್ಗಿ ಆಷ್‌ಕ್ರಾಫ್ಟ್

ಕವಿ ಕಾಲವಾದ ಮೇಲೂ ಅವನ ಕಾವ್ಯ ಉಳಿಯುತ್ತದೆ. ಶಿಲ್ಪಿ ಮಣ್ಣಾದರೂ ಅವನು ಕಡೆದ ವಿಗ್ರಹ ನಿಂತಿರುತ್ತದೆ. ರಂಗಭೂಮಿಯ ನಟರ ಪಾಡು ಮಾತ್ರ ಬೇರೆ. ತೆರೆ ಬಿದ್ದೊಡನೆ ಅವರ ಕೃತಿ ಕರಗಿಹೋಗುತ್ತದೆ. ನೋಡಿದವರ ನೆನಪಿನಲ್ಲಿ ಅದು ಕೆಲವು ಕಾಲ ಉಳಿದಿದ್ದು, ಆ ನೋಡಿದವರೂ ಹೋದ ಬಳಿಕ ನೀರ ಮೇಲಿನ ಬರಹವಾಗುತ್ತದೆ. ಆದುದರಿಂದ ನಟರೊಬ್ಬರ ಜೀವನವನ್ನು ಬರೆಯಹೊರಟವರು ಇಲ್ಲದ ವಸ್ತುವನ್ನು ಕುರಿತು ಬರೆಯಬೇಕಾಗುತ್ತದೆ. ಆದರೂ ಅಂಥ ಒಬ್ಬ ನಟಿಯ ವಿಚಾರವನ್ನು ನಮ್ಮ ಕಾಲೇಜಿನ ವಾಚಕರ ಮುಂದಿಡಬೇಕೆಂದು ನನಗೆ ಅನ್ನಿಸಿದೆ. ಅದಕ್ಕೆ ಕಾರಣವನ್ನು ಮೊದಲು ಹೇಳುತ್ತೇನೆ.

ಇ. ಎಂ. ಫಾರ್ಸ್ಟರನ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯನ್ನು ಆಂಗ್ಲ ಸಾಹಿತ್ಯದ ವಿದ್ಯಾರ್ಥಿಗಳಲ್ಲಿ ಅನೇಕರು ಓದಿರುತ್ತಾರೆ. ಅದನ್ನು ಡೇವಿಡ್ ಲೀನ್ ಎಂಬ ನಿರ್ದೇಶಕನು 1984ರಲ್ಲಿ ಚಲನಚಿತ್ರವನ್ನಾಗಿ ಮಾಡಿದನು. ಅದರಲ್ಲಿ ಮಿಸೆಸ್ ಮೂರ್ ಎಂಬ ಇಂಗ್ಲಿಷ್ ಮುದುಕಿಯ ಪಾತ್ರವಿದೆ. ಚಿತ್ರವನ್ನು ನೋಡಿದಾಗ ನಾನು ಈ ಮುದುಕಿಯನ್ನು ಬಿಟ್ಟು ಬೇರೆ ಯಾರನ್ನೂ ಸರಿಯಾಗಿ ಗಮನಿಸಲಿಲ್ಲವೆಂದೇ ಹೇಳಬೇಕು. ಆಕೆ ಕೂಗುವುದಿಲ್ಲ, ಅಳುವುದಿಲ್ಲ, ಕೈಬೀಸಿ ಮಾತಾಡುವುದಿಲ್ಲ. ಒಂದು ಕುರ್ಚಿಯಲ್ಲಿ ಸುಮ್ಮನೆ ಕುಳಿತಿರುತ್ತಾಳೆ. ಆದರೆ ಆ ಕುಳಿತಿರುವಿಕೆಯಲ್ಲಿಯೇ ಒಂದು ಜೀವದ ಆಯಾಸವೆಲ್ಲ ಕಾಣುತ್ತದೆ. ಆ ಪಾತ್ರವನ್ನು ವಹಿಸಿದವಳೇ ಪೆಗ್ಗಿ ಆಷ್‌ಕ್ರಾಫ್ಟ್. ಆಗ ಆಕೆಗೆ ಎಪ್ಪತ್ತಾರು ವರ್ಷ. ಅದಕ್ಕೆ ಹಿಂದೆ ಐವತ್ತೇಳು ವರ್ಷಗಳ ಕಾಲ ಆಕೆ ರಂಗದ ಮೇಲೆ ದುಡಿದಿದ್ದಳು. ಹಾಗಾದರೆ ಆ ಮೌನ ಎಲ್ಲಿಂದ ಬಂತು? ವಯಸ್ಸಾದವರಿಗೆ ತಾನಾಗಿ ಬರುವುದೇ ಅದು, ಇಲ್ಲವೆ ಕಲಿತು ಸಂಪಾದಿಸಿದ್ದೇ? ಈ ಪ್ರಶ್ನೆಯನ್ನು ಹಿಡಿದುಕೊಂಡು ಆಕೆಯ ಜೀವನವನ್ನು ನೋಡೋಣ.

ಎಡಿತ್ ಮಾರ್ಗರೆಟ್ ಎಮಿಲಿ ಆಷ್‌ಕ್ರಾಫ್ಟ್ ಹುಟ್ಟಿದ್ದು 1907ನೆಯ ಇಸವಿ ಡಿಸೆಂಬರ್ 22ರಂದು, ಲಂಡನ್ ನಗರದ ದಕ್ಷಿಣಕ್ಕಿರುವ ಕ್ರಾಯ್ಡನ್ ಎಂಬ ಊರಿನಲ್ಲಿ. ಮಾರ್ಗರೆಟ್ ಎಂಬ ಹೆಸರನ್ನು ಮನೆಯಲ್ಲಿ ಮುದ್ದಿನಿಂದ ಪೆಗ್ಗಿ ಎಂದು ಕರೆಯುವುದು ಆ ದೇಶದ ರೂಢಿ. ತಂದೆ ಜಮೀನು ವ್ಯವಹಾರಗಳನ್ನು ನೋಡಿಕೊಳ್ಳುವ ವೃತ್ತಿಯವನು. ಮೊದಲನೆಯ ಮಹಾಯುದ್ಧದಲ್ಲಿ ಮಡಿದನು. ತಾಯಿ ಹವ್ಯಾಸಿ ನಟಿ. ಲಂಡನ್ನಿನಲ್ಲಿ ಎಲ್ಸಿ ಫೋಗರ್ಟಿ ಎಂಬ ಹೆಸರಾಂತ ಶಿಕ್ಷಕಿಯ ಬಳಿ ಆಕೆ ಮಾತಿನ ಪಾಠವನ್ನು ಹೇಳಿಸಿಕೊಂಡಿದ್ದಳು. ಮಗಳೂ ಹದಿನಾರನೆಯ ವಯಸ್ಸಿನಲ್ಲಿ ಅದೇ ಶಿಕ್ಷಕಿಯ ಶಾಲೆಯನ್ನು ಸೇರಿದಳು. ಆ ಶಾಲೆ ಆಗ ಆಲ್ಬರ್ಟ್ ಹಾಲ್ ಎಂಬ ಭವ್ಯ ಕಟ್ಟಡದೊಳಗೆ ನಡೆಯುತ್ತಿತ್ತು. ಮುಂದೆ ಜಗತ್ಪ್ರಸಿದ್ಧನಾದ ಲಾರೆನ್ಸ್ ಒಲಿವಿಯರ್ ಅಲ್ಲಿ ಆಕೆಯ ಸಹಪಾಠಿ.

ಆ ಶಾಲೆಯಲ್ಲಿ ಎಲ್ಲಕ್ಕಿಂತ ಹೆಚ್ಚಿನ ಮನ್ನಣೆ ಇದ್ದುದು ಧ್ವನಿಗೆ. ಉಸಿರನ್ನು ಎಲ್ಲಿ ತೆಗೆದುಕೊಳ್ಳಬೇಕು, ಪದ್ಯದ ಸಾಲನ್ನು ಎಲ್ಲಿ ಮುರಿಯಬಾರದು, ಕೊನೆಯ ಸಾಲಿನ ಪ್ರೇಕ್ಷಕನಿಗೂ ಪಿಸುಮಾತು ಕೇಳುವಂತೆ ಮಾಡುವುದು ಹೇಗೆ ಎಂಬುದೇ ಅಲ್ಲಿನ ಮುಖ್ಯ ಪಾಠ. ಶಾರೀರವೇ ಶರೀರಕ್ಕಿಂತ ದೊಡ್ಡದು ಎಂಬ ಈ ಬೋಧನೆ ನಮ್ಮ ಹಳೆಯ ನಾಟಕ ಕಂಪನಿಗಳವರಿಗೂ ಒಪ್ಪಿಗೆಯಾಗುತ್ತಿತ್ತೋ ಏನೋ! ಪೆಗ್ಗಿಗೆ ಮಾತ್ರ ಇದು ಸಾಲದೆನಿಸಿತು. ರಷ್ಯದ ನಾಟ್ಯಾಚಾರ್ಯ ಸ್ಟಾನಿಸ್ಲಾವ್‌ಸ್ಕಿ ತನ್ನ ಕಲಾಜೀವನವನ್ನು ಕುರಿತು ಬರೆದ ಪುಸ್ತಕ ಆ ಹೊತ್ತಿಗೆ ಇಂಗ್ಲಿಷಿನಲ್ಲಿ ಬಂದಿತ್ತು. ನಟನು ಮಾತನ್ನು ಒಪ್ಪಿಸುವವನಲ್ಲ, ಪಾತ್ರದ ಒಳಗಿನ ಸತ್ಯವನ್ನು ಹುಡುಕುವವನು. ನಾಟಕ ಒಬ್ಬ ತಾರೆಯದಲ್ಲ, ಇಡೀ ತಂಡದ್ದು ಎಂಬುದು ಅದರ ಸಾರ. ಪೆಗ್ಗಿ ಅದನ್ನು ಓದಿದಳು. ಶಾಲೆಯಿಂದ ಸ್ವರ ಬಂತು, ಪುಸ್ತಕದಿಂದ ಧ್ಯೇಯ ಬಂತು. ಆಕೆಯ ಮುಂದಿನ ಬಾಳೆಲ್ಲ ಈ ಎರಡರ ಕೂಡಿಕೆ ಎಂದರೆ ತಪ್ಪಾಗಲಾರದು.

ವಿದ್ಯಾರ್ಥಿನಿಯಾಗಿರುವಾಗಲೇ, 1926ರಲ್ಲಿ, ಬರ್ಮಿಂಗ್‌ಹ್ಯಾಮ್ ರೆಪರ್ಟರಿ ಥಿಯೇಟರಿನಲ್ಲಿ ಜೆ. ಎಂ. ಬ್ಯಾರಿಯ ‘ಡಿಯರ್ ಬ್ರೂಟಸ್’ ನಾಟಕದಲ್ಲಿ ಆಕೆ ಮೊಟ್ಟಮೊದಲು ವೃತ್ತಿನಟಿಯಾಗಿ ಬಣ್ಣ ಹಚ್ಚಿದಳು. ಅದರಲ್ಲಿ ಆಕೆಯ ಜೊತೆಗಿದ್ದವನು ರಾಲ್ಫ್ ರಿಚರ್ಡ್‌ಸನ್. ಮುಂದಿನ ವರ್ಷ ಲಂಡನ್ ವಿಶ್ವವಿದ್ಯಾನಿಲಯದ ನಾಟ್ಯಕಲಾ ಡಿಪ್ಲೊಮಾ ಕೈಗೆ ಬಂತು.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಆಕೆಗೆ ದೊರೆತ ಪಾತ್ರವೊಂದನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. 1930ರಲ್ಲಿ ಲಂಡನ್ನಿನ ಸೆವಾಯ್ ಥಿಯೇಟರಿನಲ್ಲಿ ‘ಒಥೆಲೊ’ ನಾಟಕವಾಯಿತು. ಒಥೆಲೊ ಕರಿಯ ಜನಾಂಗದ ವೀರ; ಆದರೆ ಅಲ್ಲಿಯ ರಂಗಭೂಮಿಯಲ್ಲಿ ಬಿಳಿಯ ನಟರೇ ಮುಖಕ್ಕೆ ಮಸಿ ಬಳಿದುಕೊಂಡು ಆ ಪಾತ್ರವನ್ನು ಮಾಡುವುದು ವಾಡಿಕೆಯಾಗಿತ್ತು. ಈ ಸಲ ಅಮೆರಿಕದ ನೀಗ್ರೋ ಗಾಯಕ, ನಟ ಪಾಲ್ ರೋಬ್‌ಸನ್ ಒಥೆಲೊ ಆದನು. ಪೆಗ್ಗಿ ಡೆಸ್ಡಿಮೋನ ಆದಳು. ರಂಗದ ಮೇಲೆ ಕರಿಯ ಗಂಡ ಬಿಳಿಯ ಹೆಂಡತಿಯನ್ನು ಮುದ್ದಿಸುವುದನ್ನು ಸಹಿಸಲಾರದ ಜನ ಆ ತರುಣಿಗೆ ದ್ವೇಷದ ಪತ್ರಗಳನ್ನು ಬರೆದರು. ವರ್ಣದ್ವೇಷವೆಂದರೆ ಏನೆಂಬುದು ಆಕೆಗೆ ಅರ್ಥವಾದದ್ದು ಆಗ. ಮುಂದೆ ದಕ್ಷಿಣ ಆಫ್ರಿಕದ ವರ್ಣನೀತಿಯ ವಿರುದ್ಧವೂ, ಹಲವು ದೇಶಗಳ ರಾಜಕೀಯ ಕೈದಿಗಳ ಪರವಾಗಿಯೂ ಆಕೆ ಬಹಿರಂಗವಾಗಿ ನಿಂತಳು. ರಂಗದ ಪಾತ್ರ ರಂಗಕ್ಕೇ ಮುಗಿಯುವುದಿಲ್ಲ, ನಟಿಸಿದವರ ಬಾಳಿಗೂ ನೆರಳು ಚಾಚುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ.

ಕಾಲೇಜು ವಿದ್ಯಾರ್ಥಿಗಳಿಗೆ ಹೆಮ್ಮೆಯಾಗಬಹುದಾದ ಸಂಗತಿ ಮುಂದಿನದು. 1932ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ನಾಟಕ ಸಂಘ ‘ರೋಮಿಯೊ ಅಂಡ್ ಜೂಲಿಯೆಟ್’ ಆಡಲು ನಿಶ್ಚಯಿಸಿತು. ನಿರ್ದೇಶನಕ್ಕೆ ಕರೆದದ್ದು ತರುಣ ನಟ ಜಾನ್ ಗೀಲ್‌ಗುಡ್‌ನನ್ನು. ಅವನಿಗೂ ಅದೇ ಮೊದಲ ನಿರ್ದೇಶನ. ಗಂಡು ಪಾತ್ರಗಳೆಲ್ಲ ವಿದ್ಯಾರ್ಥಿಗಳವು. ಹೆಣ್ಣು ಪಾತ್ರಗಳಿಗೆ ಮಾತ್ರ ವೃತ್ತಿನಟಿಯರನ್ನು ಕರೆಸಿದರು. ಜೂಲಿಯೆಟ್ ಆಗಿ ಪೆಗ್ಗಿ, ದಾದಿಯಾಗಿ ಈಡಿತ್ ಎವಾನ್ಸ್ ಬಂದರು. ಆ ವಿದ್ಯಾರ್ಥಿ ನಾಟಕದಿಂದ ಹುಟ್ಟಿದ ಸ್ನೇಹವೇ 1935ರಲ್ಲಿ ಲಂಡನ್ನಿನ ನ್ಯೂ ಥಿಯೇಟರಿನ ಪ್ರಸಿದ್ಧ ಪ್ರಯೋಗಕ್ಕೆ ಕಾರಣವಾಯಿತು. ಅಲ್ಲಿ ಗೀಲ್‌ಗುಡ್ ಮತ್ತು ಒಲಿವಿಯರ್ ಇಬ್ಬರೂ ರೋಮಿಯೊ ಮತ್ತು ಮರ್ಕ್ಯೂಷಿಯೊ ಪಾತ್ರಗಳನ್ನು ಅದಲುಬದಲು ಮಾಡಿಕೊಂಡು ಆಡಿದರು. ಒಬ್ಬನದು ಪದ್ಯದ ಮಾಧುರ್ಯ, ಇನ್ನೊಬ್ಬನದು ಮೈಯ ಕಾವು. ಇಬ್ಬರಿಗೂ ಜೂಲಿಯೆಟ್ ಒಬ್ಬಳೇ. ಎದುರಿಗಿರುವ ರೋಮಿಯೊ ಬದಲಾದರೂ ತನ್ನ ಜೂಲಿಯೆಟ್ ಕೆಡದಂತೆ, ಆದರೆ ಎದುರಿನವನ ಮಾತಿಗೆ ತಕ್ಕಂತೆ ಪ್ರತಿಸಲ ಹೊಸದಾಗಿ ಓಗೊಡುವುದು ಆಕೆಯ ಪಾಲಿನ ಕೆಲಸವಾಯಿತು. ಕೇಳುವುದೂ ಅಭಿನಯವೇ ಎಂಬುದನ್ನು ಆಕೆ ಇಲ್ಲಿ ಕಲಿತಿರಬೇಕೆಂದು ನನ್ನ ಊಹೆ.

ಇನ್ನು ‘ತಂಡ’ ಎಂಬ ಮಾತನ್ನು ಸ್ವಲ್ಪ ವಿವರಿಸಬೇಕು. ಲಂಡನ್ನಿನ ವೆಸ್ಟ್ ಎಂಡ್ ರಂಗಮಂದಿರಗಳ ಪದ್ಧತಿ ಹೀಗೆ: ಬಂಡವಾಳಗಾರನೊಬ್ಬ ಒಂದು ನಾಟಕವನ್ನು ಆರಿಸಿಕೊಂಡು, ಅದಕ್ಕೆ ಬೇಕಾದ ನಟರನ್ನು ಕೂಡಿಸಿ, ಹಣ ಬರುವವರೆಗೆ ಪ್ರತಿದಿನವೂ ಅದನ್ನೇ ಆಡಿಸುತ್ತಾನೆ. ಜನ ಬರುವುದು ನಿಂತೊಡನೆ ನಟರು ಚದುರಿಹೋಗುತ್ತಾರೆ. ತಿಂಗಳುಗಟ್ಟಲೆ ಒಂದೇ ಪಾತ್ರ, ಅನಂತರ ನಿರುದ್ಯೋಗ. ಇದಕ್ಕೆ ಪ್ರತಿಯಾಗಿ, ಒಂದೇ ಗುಂಪಿನ ನಟರು ಒಟ್ಟಿಗಿದ್ದು ಹಲವು ನಾಟಕಗಳನ್ನು ಸಿದ್ಧಮಾಡಿಕೊಂಡು ಒಂದಾದ ಮೇಲೊಂದು ಆಡುವುದು ಇನ್ನೊಂದು ಪದ್ಧತಿ. ಇಂದು ರಾಣಿಯಾದವಳು ನಾಳೆ ದಾಸಿಯಾಗಬಹುದು. ಗೀಲ್‌ಗುಡ್ 1937–38ರಲ್ಲಿ ಕ್ವೀನ್ಸ್ ಥಿಯೇಟರಿನಲ್ಲಿ ಇಂಥ ತಂಡವೊಂದನ್ನು ಕಟ್ಟಿ ನಾಲ್ಕು ನಾಟಕಗಳನ್ನು ಆಡಿಸಿದನು. ಆ ಹೊತ್ತಿಗೆ ಪ್ರಸಿದ್ಧಳಾಗಿದ್ದ ಪೆಗ್ಗಿ ಅಲ್ಲಿ ‘ದಿ ಮರ್ಚೆಂಟ್ ಆಫ್ ವೆನಿಸ್’ ನಾಟಕದ ಪೋರ್ಷಿಯಾಳೂ ಆದಳು, ಚೆಕಾವ್‌ನ ‘ತ್ರೀ ಸಿಸ್ಟರ್ಸ್’ನ ಐರೀನಳೂ ಆದಳು, ‘ರಿಚರ್ಡ್ ದಿ ಸೆಕೆಂಡ್’ನಲ್ಲಿ ಕೆಲವೇ ಮಾತುಗಳಿರುವ ರಾಣಿಯೂ ಆದಳು. ಚಿಕ್ಕ ಪಾತ್ರವೆಂದು ಹಿಂಜರಿಯಲಿಲ್ಲ.

ಇದೇ ಕಾರಣದಿಂದ ಸಿನೆಮಾ ಆಕೆಯನ್ನು ಹೆಚ್ಚಾಗಿ ಸೆಳೆಯಲಿಲ್ಲ. 1935ರಲ್ಲಿ ಹಿಚ್‌ಕಾಕನ ‘ದಿ ಥರ್ಟಿನೈನ್ ಸ್ಟೆಪ್ಸ್’ ಚಿತ್ರದಲ್ಲಿ ಸ್ಕಾಟ್ಲೆಂಡಿನ ಬಡ ರೈತನ ಹೆಂಡತಿಯಾಗಿ ಕೆಲವು ನಿಮಿಷ ಕಾಣಿಸಿಕೊಂಡಳು. ಪೊಲೀಸರಿಂದ ತಪ್ಪಿಸಿಕೊಂಡು ಓಡುತ್ತಿರುವ ನಾಯಕನಿಗೆ ಆಕೆ ತನ್ನ ಗಂಡನ ಕೋಟನ್ನು ಕೊಟ್ಟು ಕಳುಹಿಸುತ್ತಾಳೆ. ಮುಂದೆ ಆ ಗಂಡನ ಕೈಯಲ್ಲಿ ತನಗೇನು ಕಾದಿದೆಯೆಂಬುದು ಅವಳಿಗೆ ಗೊತ್ತಿದೆ. ಆ ಕೆಲವು ನಿಮಿಷಗಳಲ್ಲೇ ಒಂದು ಇಡೀ ಸಂಸಾರದ ಉಸಿರುಕಟ್ಟು ಕಾಣಿಸುತ್ತದೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಆಕೆಯ ಕಲೆ ಹೊಸ ತಿರುವನ್ನು ಪಡೆಯಿತು. 1952ರಲ್ಲಿ ಟೆರೆನ್ಸ್ ರ‍್ಯಾಟಿಗನ್ನನ ‘ದಿ ಡೀಪ್ ಬ್ಲೂ ಸೀ’ ನಾಟಕದಲ್ಲಿ ಹೆಸ್ಟರ್ ಆದಳು. ಹೆಸ್ಟರ್ ನ್ಯಾಯಾಧೀಶನೊಬ್ಬನ ಪತ್ನಿ. ಗಂಡನನ್ನು ಬಿಟ್ಟು ಒಬ್ಬ ಮಾಜಿ ವಿಮಾನ ಚಾಲಕನೊಡನೆ ಬಾಡಿಗೆ ಕೋಣೆಯಲ್ಲಿ ವಾಸಿಸುತ್ತಾಳೆ. ಅವನ ಪ್ರೀತಿ ತನ್ನದರಷ್ಟು ಆಳವಿಲ್ಲವೆಂದು ತಿಳಿದು, ಸಾಯಲೆಂದು ಕೋಣೆಯ ಅನಿಲದ ಒಲೆಯ ಗುಂಡಿಯನ್ನು ತಿರುಗಿಸಿ ಮಲಗುತ್ತಾಳೆ. ಮೀಟರಿಗೆ ಹಾಕಿದ್ದ ನಾಣ್ಯ ಮುಗಿದುಹೋಗಿ ಬದುಕುತ್ತಾಳೆ. ನಾಟಕ ಆರಂಭವಾಗುವುದೇ ಇಲ್ಲಿಂದ. ಕೊನೆಯಲ್ಲಿ ಪ್ರಿಯಕರನೂ ಹೋದ ಮೇಲೆ ಅವಳು ಮತ್ತೆ ಅದೇ ಗುಂಡಿಯನ್ನು ತಿರುಗಿಸುತ್ತಾಳೆ. ಆದರೆ ಈ ಸಲ ಕಡ್ಡಿ ಗೀರಿ ಬೆಂಕಿ ಹೊತ್ತಿಸುತ್ತಾಳೆ. ಸಾವಿಗೆ ಸಾಧನವಾಗಿದ್ದದ್ದೇ ಚಳಿ ಕಾಯಿಸಿಕೊಳ್ಳುವ ಬೆಂಕಿಯಾಗುತ್ತದೆ. ಇಲ್ಲಿ ಮಾತಿಗಿಂತ ಆ ಒಂದು ಕೈಚಲನೆಯೇ ನಾಟಕದ ಹೃದಯ. ಜೂಲಿಯೆಟ್ಟಳ ಪದ್ಯವನ್ನು ಹಾಡಿನಂತೆ ಹೇಳಿದ ನಟಿಗೆ ಈಗ ಪದ್ಯವಿಲ್ಲದ ನೋವನ್ನು ತೋರಿಸುವ ಕೆಲಸ ಬಿದ್ದಿತ್ತು.

1954ರಲ್ಲಿ ಇಬ್ಸೆನ್ನನ ಹೆಡ್ಡಾ ಗ್ಯಾಬ್ಲರ್ ಆದಳು. ಆ ಪಾತ್ರಕ್ಕಾಗಿ ನಾರ್ವೆಯ ರಾಜನಿಂದ ಪದಕವೂ ಬಂತು. 1956ರಲ್ಲಿ ಬ್ರಿಟಿಷ್ ಸರ್ಕಾರ ‘ಡೇಮ್’ ಎಂಬ ಬಿರುದನ್ನು ಕೊಟ್ಟಿತು. ಗಂಡಸರಿಗೆ ‘ಸರ್’ ಇದ್ದಂತೆ ಹೆಂಗಸರಿಗೆ ಇದು. ಅದೇ ವರ್ಷ ಆಕೆ ರಾಯಲ್ ಕೋರ್ಟ್ ಥಿಯೇಟರಿನಲ್ಲಿ ಬ್ರೆಕ್ಟ್‌ನ ‘ದಿ ಗುಡ್ ವುಮನ್ ಆಫ್ ಸೆಟ್ಜುವಾನ್’ ನಾಟಕದಲ್ಲಿ ಅಭಿನಯಿಸಿದಳು. ಬಿರುದು ಬಂದವರು ಸಾಮಾನ್ಯವಾಗಿ ತಮಗೆ ಒಗ್ಗಿದ ಹಾದಿಯನ್ನು ಬಿಡುವುದಿಲ್ಲ. ಆಕೆ ಮಾತ್ರ ಆಗಲೇ ಹೊಸಬರ ರಂಗಮಂದಿರದ ಬಾಗಿಲನ್ನು ತಟ್ಟಿದಳು.

ಆಮೇಲೆ ಬಂದುದು ಆಕೆಯ ಬಾಳಿನ ದೊಡ್ಡ ನಿರ್ಧಾರ. ಷೇಕ್ಸ್‌ಪಿಯರನ ಹುಟ್ಟೂರಾದ ಸ್ಟ್ರಾಟ್‌ಫರ್ಡ್‌ನಲ್ಲಿ ಪೀಟರ್ ಹಾಲ್ ಎಂಬ, ಮೂವತ್ತು ಇನ್ನೂ ತುಂಬದ ನಿರ್ದೇಶಕ, ನಟರನ್ನು ದೀರ್ಘಕಾಲದ ಒಪ್ಪಂದದ ಮೇಲೆ ಸೇರಿಸಿ ಶಾಶ್ವತ ತಂಡವೊಂದನ್ನು ಕಟ್ಟಲು ಹೊರಟನು. ಕೈಯಲ್ಲಿ ಹಣವಿಲ್ಲ, ಯೋಜನೆ ನಿಲ್ಲುವುದೋ ಬೀಳುವುದೋ ಯಾರೂ ಹೇಳುವಂತಿಲ್ಲ. ಪೆಗ್ಗಿ ಆಷ್‌ಕ್ರಾಫ್ಟ್ ಒಪ್ಪಿ ಬಂದಳು. ಅಷ್ಟು ದೊಡ್ಡ ನಟಿ ಬಂದದ್ದು ಆ ತರುಣನಿಗೆ ಆನೆಯ ಬಲವಾಯಿತು. ಅದೇ 1961ರಿಂದ ರಾಯಲ್ ಷೇಕ್ಸ್‌ಪಿಯರ್ ಕಂಪನಿ ಎಂದು ಹೆಸರಾದ ಸಂಸ್ಥೆ. 1960ರಲ್ಲಿ ಅಲ್ಲಿ ‘ದಿ ಟೇಮಿಂಗ್ ಆಫ್ ದಿ ಶ್ರೂ’ ನಾಟಕದ ಗಯ್ಯಾಳಿ ಕ್ಯಾಥರಿನಳ ಪಾತ್ರವನ್ನು ಆಕೆ ವಹಿಸಿದಾಗ ಆಕೆಗೆ ಐವತ್ತೆರಡು ವರ್ಷ. ಅವಳನ್ನು ಪಳಗಿಸುವ ವರನಾದ ಪೀಟರ್ ಓಟೂಲನಿಗೆ ಇಪ್ಪತ್ತೇಳು!

ವಯಸ್ಸನ್ನು ಗೆದ್ದ ಇದಕ್ಕಿಂತಲೂ ಮಿಗಿಲಾದ ಸಾಹಸ 1963ರಲ್ಲಿ ನಡೆಯಿತು. ಹಾಲ್ ಮತ್ತು ಜಾನ್ ಬಾರ್ಟನ್ ಇಬ್ಬರೂ ಸೇರಿ ಷೇಕ್ಸ್‌ಪಿಯರನ ‘ಹೆನ್ರಿ ದಿ ಸಿಕ್ಸ್ತ್’ನ ಮೂರು ಭಾಗಗಳನ್ನೂ ‘ರಿಚರ್ಡ್ ದಿ ಥರ್ಡ್’ ನಾಟಕವನ್ನೂ ಬೆಸೆದು ‘ದಿ ವಾರ್ಸ್ ಆಫ್ ದಿ ರೋಸಸ್’ ಎಂಬ ಮೂರು ನಾಟಕಗಳನ್ನು ಸಿದ್ಧಗೊಳಿಸಿದರು. ಕೆಲವು ದಿನ ಮೂರನ್ನೂ ಬೆಳಗಿನಿಂದ ರಾತ್ರಿಯವರೆಗೆ ಒಂದೇ ದಿನ ಆಡುತ್ತಿದ್ದರು. ಪೆಗ್ಗಿಯದು ರಾಣಿ ಮಾರ್ಗರೆಟ್ಟಳ ಪಾತ್ರ. ಫ್ರಾನ್ಸಿನಿಂದ ಬರುವ ಹರೆಯದ ರಾಜಕುವರಿಯಾಗಿ ಅವಳು ಪ್ರವೇಶಿಸುತ್ತಾಳೆ. ದುರ್ಬಲ ರಾಜನ ಹೆಂಡತಿಯಾಗುತ್ತಾಳೆ. ಕತ್ತಿ ಹಿಡಿದು ಸೇನೆಯನ್ನು ನಡೆಸುತ್ತಾಳೆ. ಸೆರೆಸಿಕ್ಕ ಯಾರ್ಕ್ ಪ್ರಭುವಿಗೆ ಕಾಗದದ ಕಿರೀಟವನ್ನು ತೊಡಿಸಿ, ಅವನ ಕೊಲೆಯಾದ ಮಗನ ರಕ್ತದಲ್ಲಿ ಅದ್ದಿದ ಬಟ್ಟೆಯನ್ನು ಕಣ್ಣೀರು ಒರಸಿಕೊಳ್ಳೆಂದು ಕೊಡುತ್ತಾಳೆ. ಕೊನೆಗೆ ತಾನೂ ಮಗನನ್ನು ಕಳೆದುಕೊಂಡು, ಎಲ್ಲರಿಗೂ ಶಾಪ ಹಾಕುತ್ತ ಅಲೆಯುವ ಮುದುಕಿಯಾಗುತ್ತಾಳೆ. ಐವತ್ತೈದು ವರ್ಷದ ನಟಿ ಹರೆಯದಿಂದ ಮುಪ್ಪಿನವರೆಗಿನ ಈ ಪಯಣವನ್ನು ಹಗಲೊಂದರಲ್ಲಿ ಮುಗಿಸಬೇಕಾಗಿತ್ತು. ಮಾರ್ಗರೆಟ್ ಪರದೇಶದವಳೆಂಬುದನ್ನು ಯಾರೂ ಮರೆಯದಿರಲೆಂದು ಆಕೆ ಉಚ್ಚಾರಣೆಯಲ್ಲಿ ಫ್ರೆಂಚಿನ ಲೇಪವನ್ನು ಉಳಿಸಿಕೊಂಡಳು. ಫೋಗರ್ಟಿಯ ಶಾಲೆಯ ಪಾಠ ಇಲ್ಲಿ ಅಲಂಕಾರವಾಗಿ ಉಳಿಯದೆ ಪಾತ್ರದ ಎಲುಬಾಯಿತು. ಅದೃಷ್ಟವಶಾತ್ ಬಿಬಿಸಿ ಸಂಸ್ಥೆ ಈ ನಾಟಕಗಳನ್ನು ಚಿತ್ರೀಕರಿಸಿ 1965ರಲ್ಲಿ ಟೆಲಿವಿಷನ್ನಿನಲ್ಲಿ ತೋರಿಸಿತು. ನೀರಿನ ಮೇಲಿನ ಬರಹದಲ್ಲಿ ಒಂದೆರಡು ಸಾಲಾದರೂ ಹೀಗೆ ಕಲ್ಲಿನ ಮೇಲೆ ಉಳಿಯಿತು.

ಆಮೇಲಿನ ಪಾತ್ರಗಳನ್ನು ಗಮನಿಸಿದರೆ ಒಂದು ವಿಚಿತ್ರ ಕಾಣುತ್ತದೆ. ಆಕೆಯ ಅಭಿನಯದಿಂದ ಒಂದೊಂದೇ ಉಪಕರಣ ಕಳಚಿಕೊಳ್ಳುತ್ತ ಹೋಗುತ್ತದೆ. ಹೆರಾಲ್ಡ್ ಪಿಂಟರನ ‘ಲ್ಯಾಂಡ್‌ಸ್ಕೇಪ್’ನಲ್ಲಿ ಗಂಡ ಹೆಂಡಿರಿಬ್ಬರೂ ಅಡುಗೆಮನೆಯಲ್ಲಿ ಕುಳಿತು ಮಾತಾಡುತ್ತಾರೆ, ಆದರೆ ಪರಸ್ಪರ ಅಲ್ಲ, ಎದ್ದು ಓಡಾಡುವುದಿಲ್ಲ. 1975ರಲ್ಲಿ ನ್ಯಾಷನಲ್ ಥಿಯೇಟರಿಗಾಗಿ ಆಡಿದ ಬೆಕೆಟ್ಟನ ‘ಹ್ಯಾಪಿ ಡೇಸ್’ನಲ್ಲಿ ವಿನ್ನಿ ಎಂಬವಳು ಮೊದಲನೆಯ ಅಂಕದಲ್ಲಿ ಸೊಂಟದವರೆಗೂ, ಎರಡನೆಯದರಲ್ಲಿ ಕತ್ತಿನವರೆಗೂ ಮಣ್ಣಿನಲ್ಲಿ ಹೂತುಹೋಗಿರುತ್ತಾಳೆ. ಕೈಯಿಲ್ಲ, ಕಾಲಿಲ್ಲ, ನಡಿಗೆಯಿಲ್ಲ; ಉಳಿದದ್ದು ಮುಖ ಮತ್ತು ಧ್ವನಿ ಮಾತ್ರ. ಆದರೂ ಅವಳು ದಿನ ಚೆನ್ನಾಗಿದೆಯೆಂದೇ ಹೇಳುತ್ತಿರುತ್ತಾಳೆ. ಥೇಮ್ಸ್ ನದಿಯ ದಡದಲ್ಲಿ ಹೊಸದಾಗಿ ಎದ್ದ ನ್ಯಾಷನಲ್ ಥಿಯೇಟರಿನ ಬಾಗಿಲು 1976ರ ಮಾರ್ಚಿಯಲ್ಲಿ ತೆರೆದಾಗ ಮೊದಲು ಆಡಿದ್ದೂ ಈ ನಾಟಕವೇ.

ಇಷ್ಟು ಸಿದ್ಧತೆಯನ್ನು ಹೊತ್ತುಕೊಂಡು ಆಕೆ ಟೆಲಿವಿಷನ್ನಿನ ಮುಂದೆ ಬಂದಳು. ರಂಗಭೂಮಿಗೂ ಟೆಲಿವಿಷನ್ನಿಗೂ ಇರುವ ಭೇದ ತಿಳಿದದ್ದೇ. ಅಲ್ಲಿ ನಟಿ ಸಾವಿರ ಜನರನ್ನು ತಲುಪಬೇಕು, ಆದುದರಿಂದ ಭಾವವನ್ನು ಹಿಗ್ಗಿಸುತ್ತಾಳೆ. ಇಲ್ಲಿ ಕ್ಯಾಮೆರಾ ಮೊಳದಷ್ಟು ದೂರದಲ್ಲಿ ಕುಳಿತು ಕಣ್ಣಿನ ರೆಪ್ಪೆಯನ್ನೂ ಹಿಡಿಯುತ್ತದೆ, ಆದುದರಿಂದ ಭಾವವನ್ನು ಒಳಕ್ಕೆಳೆದುಕೊಳ್ಳಬೇಕು. ದೊಡ್ಡ ರಂಗನಟರು ಎಷ್ಟೋ ಮಂದಿ ಇಲ್ಲಿ ಸೋತಿದ್ದಾರೆ. ಪೆಗ್ಗಿ ಸೋಲಲಿಲ್ಲ. 1978ರಲ್ಲಿ ‘ಎಡ್ವರ್ಡ್ ಅಂಡ್ ಮಿಸೆಸ್ ಸಿಂಪ್ಸನ್’ ಮಾಲೆಯಲ್ಲಿ ರಾಣಿ ಮೇರಿಯಾದಳು. 1980ರಲ್ಲಿ ಸ್ಟೀಫನ್ ಪೋಲಿಯಾಕಾಫ್ ಬರೆದ ‘ಕಾಟ್ ಆನ್ ಎ ಟ್ರೇನ್’ನಲ್ಲಿ, ರಾತ್ರಿಯ ರೈಲಿನಲ್ಲಿ ಇಂಗ್ಲಿಷ್ ತರುಣನೊಬ್ಬನನ್ನು ತನ್ನ ದರ್ಪದಿಂದ ಪೀಡಿಸುವ ವಿಯೆನ್ನಾದ ಮುದುಕಿಯಾದಳು. ಅದೇ ವರ್ಷ ‘ಕ್ರೀಮ್ ಇನ್ ಮೈ ಕಾಫಿ’ಯಲ್ಲಿ, ಯೌವನದಲ್ಲಿ ತಂಗಿದ್ದ ಸಮುದ್ರತೀರದ ಹೋಟೆಲಿಗೆ ಮುಪ್ಪಿನಲ್ಲಿ ಗಂಡನೊಡನೆ ಮರಳಿ ಬರುವ ಹೆಂಡತಿಯಾದಳು. ಈ ಎರಡಕ್ಕೂ ಸೇರಿ ಆಕೆಗೆ ಬಾಫ್ಟಾ ಪ್ರಶಸ್ತಿ ದೊರೆಯಿತು.

ಈಗ ಭಾರತದ ಸಂಬಂಧಕ್ಕೆ ಬರುತ್ತೇನೆ. ಪಾಲ್ ಸ್ಕಾಟ್ ಎಂಬ ಕಾದಂಬರಿಕಾರ ಬ್ರಿಟಿಷ್ ಆಡಳಿತದ ಕೊನೆಯ ವರ್ಷಗಳನ್ನು ಕುರಿತು ನಾಲ್ಕು ಕಾದಂಬರಿಗಳನ್ನು ಬರೆದಿದ್ದಾನೆ. ಗ್ರನಾಡಾ ಟೆಲಿವಿಷನ್ ಸಂಸ್ಥೆ ಅವನ್ನು ‘ದಿ ಜ್ಯುವೆಲ್ ಇನ್ ದಿ ಕ್ರೌನ್’ ಎಂಬ ಹದಿನಾಲ್ಕು ಕಂತುಗಳ ಮಾಲೆಯಾಗಿ ಮಾಡಿ 1984ರಲ್ಲಿ ಪ್ರಸಾರ ಮಾಡಿತು. ಅದರಲ್ಲಿ ಪೆಗ್ಗಿಯದು ಬಾರ್ಬಿ ಬ್ಯಾಚಲರ್ ಎಂಬ ನಿವೃತ್ತ ಮಿಷನ್ ಶಾಲೆಯ ಉಪಾಧ್ಯಾಯಿನಿಯ ಪಾತ್ರ. ಬಾರ್ಬಿ ವಾಚಾಳಿ, ಬಾಯಿ ತೆರೆದರೆ ಮುಚ್ಚಲಾರಳು. ಮೇಲು ದರ್ಜೆಯ ಇಂಗ್ಲಿಷರಿಗೆ ಆಕೆ ನಗೆಪಾಟಲು. ಆಶ್ರಯ ಕೊಟ್ಟಿದ್ದ ವೃದ್ಧೆ ತೀರಿಕೊಂಡೊಡನೆ ಮನೆಯಿಂದ ಹೊರಬೀಳುತ್ತಾಳೆ. ಇಷ್ಟು ವರ್ಷ ಭಾರತದ ಮಕ್ಕಳಿಗೆ ತಾನು ಕಲಿಸಿದ್ದು ಯಾರಿಗಾದರೂ ಉಪಯೋಗವಾಯಿತೇ ಎಂಬ ಸಂಶಯ ಅವಳನ್ನು ಕೊರೆಯುತ್ತದೆ. ಕೊನೆಗೆ ಆ ವಾಚಾಳಿ ಆಸ್ಪತ್ರೆಯ ಕಿಟಕಿಯ ಬಳಿ ಮಾತನ್ನೇ ತೊರೆದು ಕುಳಿತುಬಿಡುತ್ತಾಳೆ. ನಗೆಯಿಂದ ಆರಂಭವಾದ ಪಾತ್ರ ಮೌನದಲ್ಲಿ ಮುಗಿಯುತ್ತದೆ. ಸಾಮ್ರಾಜ್ಯದ ಸೋಲನ್ನು ಸೇನಾಪತಿಗಳ ಮುಖದಲ್ಲಿ ತೋರಿಸುವುದು ಸುಲಭ. ಒಬ್ಬ ಬಡ ಉಪಾಧ್ಯಾಯಿನಿಯ ಮುಖದಲ್ಲಿ ತೋರಿಸಿದ್ದು ಈ ನಟಿಯ ಹೆಚ್ಚುಗಾರಿಕೆ. ಇದಕ್ಕೂ ಬಾಫ್ಟಾ ಪ್ರಶಸ್ತಿ ಬಂತು.

ಈ ಮಾಲೆಯ ಕೆಲಸಕ್ಕಾಗಿ ಭಾರತಕ್ಕೆ ಬಂದು ಹಿಂದಿರುಗಿದ್ದ ಆಕೆಯನ್ನು ಡೇವಿಡ್ ಲೀನ್ ಮತ್ತೆ ಭಾರತಕ್ಕೆ ಕರೆದನು. ವಯಸ್ಸಾಯಿತೆಂದು ಆಕೆ ಹಿಂಜರಿದಾಗ, ತನಗೂ ಅಷ್ಟೇ ವಯಸ್ಸೆಂದು ಅವನು ಉತ್ತರ ಕೊಟ್ಟನಂತೆ. ಮಾತು ನಿಜವೇ, ಇಬ್ಬರ ಹುಟ್ಟಿಗೂ ಮೂರು ತಿಂಗಳ ಅಂತರ. ಹೀಗೆ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರಕ್ಕಾಗಿ ಪೆಗ್ಗಿ ಆಷ್‌ಕ್ರಾಫ್ಟ್ ನಮ್ಮ ನಾಡಿಗೇ ಬಂದಳು. ಫಾರ್ಸ್ಟರನ ಮನಸ್ಸಿನಲ್ಲಿದ್ದದ್ದು ಬಿಹಾರದ ಬರಾಬರ್ ಗುಹೆಗಳು. ಲೀನ್ ಆರಿಸಿಕೊಂಡದ್ದು ಬೆಂಗಳೂರಿನ ಆಸುಪಾಸನ್ನು. ಬೆಂಗಳೂರು ಅರಮನೆಯ ಆವರಣದಲ್ಲಿ ಊರಿನ ಬೀದಿಗಳ ರಂಗಸಜ್ಜಿಕೆ ಎದ್ದಿತು. ರಾಮನಗರದ ಮತ್ತು ಸಾವನದುರ್ಗದ ಹೆಬ್ಬಂಡೆಗಳು ಮರಾಬಾರ್ ಬೆಟ್ಟಗಳಾದುವು. ಇನ್ನೊಂದು ಸಂಬಂಧವೂ ಉಂಟು. ಈ ಕಾದಂಬರಿಯನ್ನು ಮೊದಲು ನಾಟಕವಾಗಿ ಬರೆದವಳು ಸಾಂತಾ ರಾಮರಾವ್. ಆಕೆ ಬೆನಗಲ್ ರಾಮರಾಯರ ಮಗಳು. ಮನೆತನ ದಕ್ಷಿಣ ಕನ್ನಡದ್ದು. ಲೀನ್‌ನ ಚಿತ್ರಕಥೆ ಆ ನಾಟಕವನ್ನೂ ಆಧರಿಸಿದೆ.

ಮಿಸೆಸ್ ಮೂರ್ ಎಂಬವಳು ಮಗನನ್ನು ನೋಡಲು ಭಾರತಕ್ಕೆ ಬಂದ ವಿಧವೆ. ಬೆಳದಿಂಗಳಲ್ಲಿ ಮಸೀದಿಯನ್ನು ಹೊಕ್ಕು ನಿಂತಿರುವಾಗ ಡಾಕ್ಟರ್ ಅಜೀಜ್ ಅವಳನ್ನು ಗದರಿಸುತ್ತಾನೆ. ಅವಳು ಆಗಲೇ ಪಾದರಕ್ಷೆಗಳನ್ನು ಕಳಚಿ ಬಂದಿದ್ದಾಳೆಂದು ತಿಳಿದು ನಾಚುತ್ತಾನೆ. ಅಲ್ಲಿಂದ ಸ್ನೇಹ. ಆಮೇಲೆ ಗುಹೆಯ ಪ್ರಸಂಗ. ಕತ್ತಲಲ್ಲಿ ಯಾವ ಮಾತನ್ನಾಡಿದರೂ ಗುಹೆ ಒಂದೇ ಅರ್ಥವಿಲ್ಲದ ಪ್ರತಿಧ್ವನಿಯನ್ನು ಹಿಂದಿರುಗಿಸುತ್ತದೆ. ಒಳ್ಳೆಯ ಮಾತು, ಕೆಟ್ಟ ಮಾತು, ದೇವರ ಹೆಸರು ಎಲ್ಲವೂ ಅಲ್ಲಿ ಒಂದೇ. ಹೊರಗೆ ಬಂದ ಮೂರ್ ಮುದುಕಿ ಕುರ್ಚಿಯಲ್ಲಿ ಕುಸಿದು ಕುಳಿತುಕೊಳ್ಳುತ್ತಾಳೆ. ಅವಳ ನಂಬಿಕೆಗಳೆಲ್ಲ ಒಳಗೊಳಗೇ ಸಡಿಲಗೊಂಡಿವೆ. ಕಾದಂಬರಿಕಾರ ಇದನ್ನು ಪುಟಗಟ್ಟಲೆ ಬರೆಯಬಲ್ಲ. ಚಿತ್ರದಲ್ಲಿ ನಟಿಗೆ ದೊರೆತದ್ದು ಒಂದು ಮುಖ ಮಾತ್ರ. ಅಜೀಜನ ಮೇಲೆ ಸುಳ್ಳು ಆಪಾದನೆ ಬಂದಾಗ ಅವನು ನಿರಪರಾಧಿಯೆಂದು ಅವಳಿಗೆ ತಿಳಿದಿದೆ. ಆದರೂ ಅವಳು ನ್ಯಾಯಾಲಯದವರೆಗೆ ಉಳಿಯದೆ ಹೊರಟು, ಹಡಗಿನಲ್ಲೇ ತೀರಿಕೊಳ್ಳುತ್ತಾಳೆ. ಇಂಥವಳ ಮೇಲೆ ನಮಗೆ ಸಿಟ್ಟು ಬರಬೇಕಾಗಿತ್ತು. ಬರುವುದಿಲ್ಲ. ಏಕೆಂದರೆ ಆ ದಣಿವು ನಟನೆಯೆಂದು ನಮಗೆ ಅನ್ನಿಸುವುದೇ ಇಲ್ಲ. ಜೂಲಿಯೆಟ್‌ಳಿಂದ ವಿನ್ನಿಯವರೆಗೆ ಅರ್ಧ ಶತಮಾನದ ಕಾಲ ಮಾತನ್ನು ಆಳಿದವಳಿಗೆ ಮಾತ್ರ ಮಾತು ಬಿಟ್ಟರೂ ತುಂಬಿರಬಲ್ಲ ಈ ಮೌನ ಸಾಧ್ಯ. ಆರಂಭದಲ್ಲಿ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದೇ.

1985ರ ಮಾರ್ಚಿಯಲ್ಲಿ ಈ ಪಾತ್ರಕ್ಕೆ ಪೋಷಕನಟಿಯ ಆಸ್ಕರ್ ಪ್ರಶಸ್ತಿ ಬಂತು. ಆಗ ಆಕೆಗೆ ಎಪ್ಪತ್ತೇಳು ವರ್ಷ. ಸಮಾರಂಭಕ್ಕೆ ಆಕೆ ಹೋಗಲಿಲ್ಲ. ನಟಿ ಆಂಜೆಲಾ ಲ್ಯಾನ್ಸ್‌ಬರಿ ಅದನ್ನು ಸ್ವೀಕರಿಸಿದಳು. 1989ರಲ್ಲಿ ಪೋಲಿಯಾಕಾಫ್ ಬರೆದು ಪೀಟರ್ ಹಾಲ್ ನಿರ್ದೇಶಿಸಿದ ‘ಷೀಸ್ ಬೀನ್ ಅವೇ’ ಎಂಬ ಬಿಬಿಸಿ ಚಿತ್ರದಲ್ಲಿ, ಯೌವನದಿಂದ ಮುಪ್ಪಿನವರೆಗೆ ಮಾನಸಿಕ ಆಸ್ಪತ್ರೆಯಲ್ಲೇ ಕಳೆದು ಹೊರಬಂದ, ಮಾತೇ ಆಡದಂಥ ಮುದುಕಿಯಾದಳು. ವೆನಿಸ್ ಚಲನಚಿತ್ರೋತ್ಸವದ ಶ್ರೇಷ್ಠ ನಟಿಯ ಗೌರವವನ್ನು ಜೆರಾಲ್ಡಿನ್ ಜೇಮ್ಸಳೊಡನೆ ಹಂಚಿಕೊಂಡಳು. ಅದೇ ವರ್ಷ ಲಂಡನ್ನಿನಲ್ಲಿ ಹೊಸ ಕಟ್ಟಡಕ್ಕಾಗಿ ನೆಲ ಅಗೆಯುವಾಗ ಷೇಕ್ಸ್‌ಪಿಯರನ ಕಾಲದ ರೋಸ್ ನಾಟಕಶಾಲೆಯ ತಳಪಾಯ ಕಾಣಿಸಿತು. ಅದನ್ನು ಉಳಿಸಬೇಕೆಂದು ಚಳವಳಿ ಹೂಡಿದವರ ಸಾಲಿನಲ್ಲಿ ಎಂಬತ್ತೊಂದು ವರ್ಷದ ಆಕೆಯೂ ಇದ್ದಳು.

ಆಕೆಯ ಕೊನೆಯ ಕೆಲಸಗಳಲ್ಲೊಂದು 1991ರ ಏಪ್ರಿಲಿನಲ್ಲಿ ಬಿಬಿಸಿ ರೇಡಿಯೋದಲ್ಲಿ ಬಂದ ಟಾಮ್ ಸ್ಟಾಪರ್ಡನ ‘ಇನ್ ದಿ ನೇಟಿವ್ ಸ್ಟೇಟ್’. ಅದೂ ಭಾರತಕ್ಕೆ ಸಂಬಂಧಿಸಿದ ನಾಟಕವೇ. ಪಾತ್ರವೂ ಹಳೆಯ ದಿನಗಳನ್ನು ನೆನ

ೆಯುವ ಮುದುಕಿಯದೇ. ರೇಡಿಯೋ ನಾಟಕದಲ್ಲಿ ಮುಖವೂ ಕಾಣದು. ಅಲ್ಲಿ ಉಳಿದದ್ದು ಹದಿನಾರರ ಹುಡುಗಿ ಆಲ್ಬರ್ಟ್ ಹಾಲಿನಲ್ಲಿ ಪಳಗಿಸಲಾರಂಭಿಸಿದ ಧ್ವನಿಯೊಂದೇ. ಎರಡು ತಿಂಗಳೊಳಗೆ, ಜೂನ್ 14ರಂದು, ಎಂಬತ್ತಮೂರನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡಳು. ಮೂರು ಸಲ ಮದುವೆಯಾಗಿ ಮೂರೂ ಮುರಿದ ಬಾಳು ಆಕೆಯದು, ಇಬ್ಬರು ಮಕ್ಕಳಿದ್ದರು. ಹುಟ್ಟೂರಾದ ಕ್ರಾಯ್ಡನ್ನಿನಲ್ಲಿ 1962ರಲ್ಲೇ ಆಕೆಯ ಹೆಸರಿನ ರಂಗಮಂದಿರವೊಂದು ತೆರೆದಿತ್ತು.

ಪ್ರತಿವರ್ಷ ಕಾಲೇಜಿನ ವಾರ್ಷಿಕೋತ್ಸವಕ್ಕೆ ನಾಟಕವನ್ನು ಆರಿಸುವಾಗ ಎಲ್ಲರಿಗೂ ನಾಯಕನ ಪಾತ್ರ ಬೇಕು, ನಾಯಿಕೆಯ ಪಾತ್ರ ಬೇಕು. ಅಜ್ಜಿಯ ಪಾತ್ರ, ಮೂರೇ ಮಾತಿನ ಆಳಿನ ಪಾತ್ರ ಯಾರಿಗೂ ಬೇಡ. ಕೊನೆಗೆ ಯಾರಾದರೊಬ್ಬರ ತಲೆಗೆ ಕಟ್ಟುತ್ತೇವೆ. ಅವರೂ ತಲೆಗೆ ಸುಣ್ಣ ಬಳಿದುಕೊಂಡು, ಬೆನ್ನು ಬಗ್ಗಿಸಿ, ಕೋಲೂರಿಕೊಂಡು ಕೆಮ್ಮಿದರೆ ಮುಪ್ಪು ಬಂದಿತೆಂದು ತಿಳಿಯುತ್ತಾರೆ. ಪೆಗ್ಗಿ ಆಷ್‌ಕ್ರಾಫ್ಟಳ ಮಿಸೆಸ್ ಮೂರ್ ಕೆಮ್ಮುವುದಿಲ್ಲ. ಮುಂದಿನ ವರ್ಷದ ನಾಟಕದಲ್ಲಿ ಅಜ್ಜಿಯ ಪಾತ್ರ ನಿಮ್ಮ ಪಾಲಿಗೆ ಬಂದರೆ, ಬೇಸರಪಡುವುದಕ್ಕೆ ಮೊದಲು ಆ ಚಿತ್ರವನ್ನೊಮ್ಮೆ ನೋಡಿರೆಂದು ನನ್ನ ಸಹಪಾಠಿಗಳಲ್ಲಿ ವಿನಂತಿ.